ರಾಗಿ ಅಂಬಲಿ ಹುಳದಲ್ಲೇ ಫೈಟರ್ ಮೀನಿನ ಮರಿ ಬೆಳೆಸಿದೆ

ಮೈಕ್ರೋವರ್ಮ್ ಅನ್ನೋ ದಾರದಂಥ ಸಣ್ಣ ಹುಳ ತಿಂದ ಫೈಟರ್ ಮರಿಗೆ ಹೊಟ್ಟೆ ರೆಕ್ಕೆ ಬರೋದಿಲ್ಲ, ಆರ್ಟೀಮಿಯಾ (ಉಪ್ಪುನೀರಲ್ಲಿ ಮೊಟ್ಟೆ ಒಡೆಸಿ ಮರಿಗೆ ಹಾಕುವ ಸಣ್ಣ ಸೀಗಡಿಯಂಥ ಜೀವಿ) ಇಲ್ಲದೆ ಕೈ ಹಾಕಲೇಬೇಡ ಅಂತ ಮೀನು ಸಾಕುವ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಹತ್ತಿರ ಸುಮಾರು 110 ಮರಿಗಳಿವೆ, ಎರಡೂವರೆ ತಿಂಗಳು ದಾಟಿದೆ. ರೆಕ್ಕೆ ಇಲ್ಲದವು ನಾಲ್ಕೋ ಐದೋ. ಆರ್ಟೀಮಿಯಾ ಒಂದು ಚಿಟಿಕೆಯೂ ಹಾಕಿಲ್ಲ.

ಇದಕ್ಕೆ ಮೊದಲು ಮೂರು ಸಲ ಸೋತಿದ್ದೆ. ಮೊದಲ ಸಲ ಆರ್ಟೀಮಿಯಾ ಡಬ್ಬಿಗೇ 700 ರೂಪಾಯಿ ಹತ್ತಿರ ಹೋಯಿತು. ಹಳೇ ಮಾಲು, ಉಪ್ಪುನೀರಲ್ಲಿ ಎರಡು ದಿನ ಗಾಳಿ ಬಿಟ್ಟರೂ ಕಾಲು ಭಾಗ ಮೊಟ್ಟೆಯೂ ಒಡೆಯಲಿಲ್ಲ, ಮರಿಗಳು ಹಸಿವಿಗೇ ಹೋದವು. ಎರಡನೇ ಸಲ ಹುಳ ಜಾಸ್ತಿ ಹಾಕಿ ನೀರು ಕೆಡಿಸಿದೆ. ಮೂರನೇ ಸಲದ್ದು ಹಾಸನದ ಡಿಸೆಂಬರ್. ಹೀಟರ್ ಇತ್ತು, ನೀರು 28 ಡಿಗ್ರಿ, ಆದರೂ ನಾಲ್ಕನೇ ವಾರದಲ್ಲಿ ದಿನಕ್ಕೆ ಹತ್ತು ಹದಿನೈದು ಸಾಯುತ್ತಿದ್ದವು. ಮರಿಗಳು ಮೇಲೆ ಬಂದು ಗಾಳಿ ಕುಡಿಯಲು ಶುರು ಮಾಡುವ ಹೊತ್ತು ಅದು, ನೀರಿನ ಮೇಲಿನ ಗಾಳಿ ಮಾತ್ರ ತಣ್ಣಗಿತ್ತು. ಈ ಸಲ ಥರ್ಮೋಕೋಲ್ ಡಬ್ಬದಲ್ಲಿ ಬೆಳೆಸಿ ಮೇಲೆ ಗಾಜು ಮುಚ್ಚಿದೆ, ಖರ್ಚು 150 ರೂಪಾಯಿ ಇರಬೇಕು. ಆ ವಾರದ ಸಾವು ನಿಂತೇ ಹೋಯಿತು.

ಮೊದಲ ನಾಲ್ಕು ದಿನ ಎಲೆಕೋಸು ಕೊಳೆಸಿದ ನೀರಿನ ಇನ್ಫ್ಯೂಸೋರಿಯಾ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಆಮೇಲೆ ಹುಳ. ಹುಳ ಬೆಳೆಸಲು ಓಟ್ಸ್ ಬದಲು ಗಟ್ಟಿ ರಾಗಿ ಅಂಬಲಿ, ಚಿಟಿಕೆ ಯೀಸ್ಟ್, ಗೆಳೆಯನಿಂದ ತಂದ ಹುಳವಿರುವ ಒಂದು ಚಮಚ ಕಲ್ಚರ್. ಐದಾರು ದಿನಕ್ಕೆ ಹುಳ ಡಬ್ಬಿಯ ಗೋಡೆ ಹತ್ತುತ್ತದೆ, ಬೆರಳಲ್ಲಿ ಒರೆಸಿ ಹಾಕಿದರಾಯಿತು. ಇಡ್ಲಿ ಹಿಟ್ಟಿನಲ್ಲೂ ನೋಡಿದೆ, ಮೂರೇ ದಿನಕ್ಕೆ ನಾರಿ ಮನೆಯವರು ಡಬ್ಬಿ ಹೊರಗಿಟ್ಟರು. ರಾಗಿಯದ್ದು ಮೂರು ವಾರ ತಡೆಯುತ್ತದೆ, ನನ್ನಷ್ಟು ದಿನ ಒಂದೇ ಡಬ್ಬಿ ಓಡಿಸಿದವರನ್ನು ನಾನಂತೂ ನೋಡಿಲ್ಲ. ಅಂಬಲಿಗೆ ಇನ್ನೊಂದು ಸಾಮಾನು ಬೀಳುತ್ತದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ರೆಕ್ಕೆ ವಿಷಯಕ್ಕೆ ಬರೋಣ. ಹುಳದ ತಪ್ಪಲ್ಲ ಅಂತ ನನಗೆ ಅನಿಸಿದೆ. ತಿನ್ನದೆ ಉಳಿದ ಹುಳ ತಳದಲ್ಲಿ ಸತ್ತು ಕೊಳೆಯುತ್ತದೆ, ಮರಿ ಅಲ್ಲೇ ಹೊಟ್ಟೆ ಊರಿ ಮಲಗುತ್ತದೆ, ಅಲ್ವಾ? ಅದಕ್ಕೇ ದಿನಾ ರಾತ್ರಿ ಏರ್ ಪೈಪಿನಲ್ಲಿ ತಳದ ಕೊಳೆ ಬಕೆಟ್ಟಿಗೆ ಎಳೆದೆ. ಅದರ ಜೊತೆ ಬಂದ ಮರಿಗಳನ್ನು ಟಾರ್ಚ್ ಹಿಡಿದು ಚಮಚದಲ್ಲಿ ವಾಪಸ್ ಬಿಡಬೇಕು, ಒಂದು ಗಂಟೆ ಕೆಲಸ, ಸೊಂಟ ಹಿಡಿದುಕೊಳ್ಳುತ್ತದೆ. ಎರಡು ರಾತ್ರಿ ಮದುವೆಗೆ ಹೋಗಿದ್ದೆ, ರೆಕ್ಕೆ ಇಲ್ಲದ ಆ ನಾಲ್ಕೈದು ಆಗಲೇ ಕೆಟ್ಟಿರಬೇಕು.

ಅಂಗಡಿಯವರು ಒಂದಕ್ಕೆ 40 ಕೊಡುತ್ತೇನೆ ಅಂದರು. ಇನ್ನೂ ಕೊಟ್ಟಿಲ್ಲ. ಗಂಡುಗಳು ಬಾಲ ಕಚ್ಚಲು ಶುರು ಮಾಡಿವೆ, ಒಂದೊಂದನ್ನೂ ಬೇರೆ ಇಡಲು ಉಪ್ಪಿನಕಾಯಿ ಬಾಟಲಿ 35 ಸೇರಿಸಿದ್ದೇನೆ, ಇನ್ನೂ ಇಪ್ಪತ್ತು ಬೇಕು.