ಪೆಟ್ರೋಲ್, ಡೀಸೆಲ್ ಇಳಿದರೆ ನಿಮಗೆ ಉಳಿಯುವುದೆಷ್ಟು? ಲೆಕ್ಕ ಹಾಕುವ ಬಗೆ

ಕಚ್ಚಾ ತೈಲ ಅಗ್ಗವಾಯಿತು ಎಂಬ ಸುದ್ದಿ ಕೇಳಿದೊಡನೆ ತಿಂಗಳ ಖರ್ಚಿನ ಲೆಕ್ಕ ಬದಲಿಸಬೇಡಿ. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. ಕಚ್ಚಾ ತೈಲದ ಅಳತೆಯಾದ ಬ್ಯಾರೆಲ್ಲಿನ ಲೆಕ್ಕವನ್ನು ಲೀಟರಿಗೆ, ಲೀಟರಿನದನ್ನು ನೀವು ಓಡಿಸುವ ಕಿಲೋಮೀಟರಿಗೆ, ಸರಕಾದರೆ ಕೆ.ಜಿ.ಗೆ ಇಳಿಸಿ ನೋಡಿ.

ಮೊದಲು ಲೀಟರ್ ಲೆಕ್ಕ

ಒಂದು ಬ್ಯಾರೆಲ್ ಎಂದರೆ 159 ಲೀಟರ್. ಬ್ಯಾರೆಲ್ಲಿಗೆ 10 ಡಾಲರ್ ಇಳಿಯಿತು, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. 850ನ್ನು 159ರಿಂದ ಭಾಗಿಸಿದರೆ ಲೀಟರಿಗೆ 5 ರೂ. 35 ಪೈಸೆ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು. ಇದು ಶೇಕಡಾವಾರು ತೆರಿಗೆಯಾದ್ದರಿಂದ ಮೂಲದರ ಇಳಿದಂತೆ ತಾನೂ ಇಳಿಯುತ್ತದೆ. ಎರಡೂ ಸೇರಿದರೆ ಬಂಕಿನಲ್ಲಿ ಹೆಚ್ಚುಕಡಿಮೆ 7 ರೂ. ಇಳಿಯಬೇಕು. ಕೇಂದ್ರದ ಅಬಕಾರಿ ಸುಂಕ ಮಾತ್ರ ಲೀಟರಿಗೆ ಇಷ್ಟೆಂದು ನಿಗದಿ. ಬ್ಯಾರೆಲ್ ಎಷ್ಟೇ ಇಳಿದರೂ ಅದು ತಾನಾಗಿ ಅಲುಗುವುದಿಲ್ಲ.

ಲೆಕ್ಕ ತಪ್ಪುವುದೂ ಈ ಸುಂಕದಲ್ಲೇ. 2014ರ ಮಧ್ಯದಲ್ಲಿ 110 ಡಾಲರ್ ಆಸುಪಾಸಿನಲ್ಲಿದ್ದ ಬ್ಯಾರೆಲ್, 2016ರ ಜನವರಿಯಲ್ಲಿ 30 ಡಾಲರಿಗೂ ಕೆಳಗೆ ಬಿತ್ತು. ಆದರೆ 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ ಸುಂಕ ಒಂಬತ್ತು ಸಲ ಏರಿ, ಪೆಟ್ರೋಲಿಗೆ 11.77 ರೂ., ಡೀಸೆಲಿಗೆ 13.47 ರೂ. ಹೊರೆ ಕೂಡಿತು. 2020ರ ಮೇ ತಿಂಗಳಲ್ಲಿ ಮತ್ತೆ ಪೆಟ್ರೋಲಿಗೆ 10, ಡೀಸೆಲಿಗೆ 13 ರೂ. ಏರಿತು. 2025ರ ಏಪ್ರಿಲ್‌ನಲ್ಲಿ 2 ರೂ. ಏರಿದರೂ ಬಂಕ್ ದರ ಕದಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗ್ರಾಹಕರಿಗೆ ಅನ್ನಿಸಿದ್ದರೆ ಅದು ನ್ಯಾಯವೇ. ಆದ್ದರಿಂದ ಬ್ಯಾರೆಲ್ ಬೆಲೆಯ ಜತೆಗೆ ಸುಂಕದ ಅಧಿಸೂಚನೆಯನ್ನೂ ಗಮನಿಸಿ. ನಿಮ್ಮ ಲೆಕ್ಕಕ್ಕೆ ಆಧಾರವಾಗಬೇಕಾದದ್ದು ಬೆಳಗ್ಗೆ 6ಕ್ಕೆ ಬಂಕಿನಲ್ಲಿ ಜಾರಿಯಾಗುವ ದರ.

ಮನೆಯ ಲೆಕ್ಕ

ತಿಂಗಳ ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸಿ, ಇಳಿದ ರೂಪಾಯಿಯಿಂದ ಗುಣಿಸಿ. ದಿನಕ್ಕೆ 30 ಕಿ.ಮೀ.ನಂತೆ 26 ದಿನ, ಅಂದರೆ 780 ಕಿ.ಮೀ. ಓಡುವ, 45 ಕಿ.ಮೀ. ಮೈಲೇಜಿನ ಸ್ಕೂಟರಿಗೆ 17 ಲೀಟರ್ ಚಿಲ್ಲರೆ ಬೇಕು. 2 ರೂ. ಇಳಿದರೆ ತಿಂಗಳಿಗೆ ಉಳಿಯುವುದು 35 ರೂಪಾಯಿ. ದಿನಕ್ಕೆ 120 ಕಿ.ಮೀ. ಸುತ್ತುವ ಡೆಲಿವರಿ ಹುಡುಗನಿಗೆ ಅದೇ 2 ರೂಪಾಯಿಯಿಂದ ಸುಮಾರು 140 ರೂ. ಉಳಿಯುತ್ತದೆ. ಇಳಿಕೆಯ ನಿಜವಾದ ಫಲ ಸಿಗುವುದು ಇಂಥ ಹೆಚ್ಚು ಓಡಿಸುವವರಿಗೆ.

ತರಕಾರಿ ಏಕೆ ಅಗ್ಗವಾಗುವುದಿಲ್ಲ?

ಸರಕು ಸಾಗುವುದು ಡೀಸೆಲಿನಲ್ಲಿ. ಪೆಟ್ರೋಲ್ ಮಾತ್ರ ಇಳಿದರೆ ಮಾರುಕಟ್ಟೆಗೆ ಅದರ ಲಾಭ ಮುಟ್ಟುವುದೇ ಇಲ್ಲ. ಡೀಸೆಲ್ 5 ರೂ. ಇಳಿಯಿತೆನ್ನಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ.; 16 ಟನ್ ಈರುಳ್ಳಿ ಹೇರಿದ ಲಾರಿ ಲೀಟರಿಗೆ 4 ಕಿ.ಮೀ. ಓಡಿದರೆ 102 ಲೀಟರ್ ಕುಡಿಯುತ್ತದೆ. ಉಳಿತಾಯ 510 ರೂ. ಅದನ್ನು 16,000 ಕೆ.ಜಿ.ಗೆ ಹಂಚಿ: ಕೆ.ಜಿ.ಗೆ 3 ಪೈಸೆ! ಮಳೆ, ಆವಕ, ದಾಸ್ತಾನುಗಳ ಏರಿಳಿತದ ಮುಂದೆ ಈ 3 ಪೈಸೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಗಡಿಯವರ ಮೇಲೆ ಸಿಡುಕಿ ಫಲವಿಲ್ಲ.

ಲಾರಿ ಮಾಲೀಕರಿಗಾದರೋ ಆ 510 ರೂಪಾಯಿ ದೊಡ್ಡದು. ಸರಕು ಕಳಿಸುವವರು ಮತ್ತು ಸಾಗಿಸುವವರ ನಡುವೆ ಜಗಳ ಹುಟ್ಟುವುದೂ ಇದೇ ಹಣಕ್ಕೆ. ಬಾಡಿಗೆ ಕರಾರಿನಲ್ಲಿ ಮೂರು ವಿಷಯ ಬರೆಸಿ: ಯಾವ ದಿನದ, ಯಾವ ಊರಿನ ಡೀಸೆಲ್ ದರ ಆಧಾರ, ಬಾಡಿಗೆಯಲ್ಲಿ ಡೀಸೆಲಿನ ಪಾಲು ಎಷ್ಟು, ದರ ಶೇಕಡಾ ಎಷ್ಟು ಬದಲಾದರೆ ಬಾಡಿಗೆ ಬದಲಾಗಬೇಕು. ಬಾಡಿಗೆ 20,000 ರೂ., ಡೀಸೆಲ್ ಪಾಲು ಶೇ 45 ಎಂದಾದರೆ, 91 ರೂಪಾಯಿಯ ಡೀಸೆಲ್ 5 ರೂ. ಇಳಿದಾಗ ಬಾಡಿಗೆ ಶೇ 2.5ರಷ್ಟು, ಅಂದರೆ 500 ರೂ. ಇಳಿಯಬೇಕು. ಏರಿದಾಗಲೂ ಇದೇ ಸೂತ್ರ ಎಂದು ಬರೆಯದಿದ್ದರೆ ಕರಾರು ಒಬ್ಬರ ಕಡೆ ವಾಲುತ್ತದೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ. ಇಂಧನದ ಮೇಲೆ ಕಟ್ಟಿದ ತೆರಿಗೆಗೆ ಹೂಡುವಳಿ ಜಮೆ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶ) ಸಿಗುವುದಿಲ್ಲವಾದ್ದರಿಂದ ವ್ಯಾಪಾರಿಗಳು ಪೂರ್ತಿ ಬಂಕ್ ದರವನ್ನೇ ಖರ್ಚಾಗಿ ಹಿಡಿಯಬೇಕು.

ಇಳಿಕೆಯಿಂದ ನಷ್ಟವಾಗುವವರೂ ಇದ್ದಾರೆ. ನೆಲದಡಿಯ ಟ್ಯಾಂಕಿನಲ್ಲಿ 12,000 ಲೀಟರ್ ಹಳೇ ದರದ ದಾಸ್ತಾನಿರುವ ಬಂಕ್ ಮಾಲೀಕರು, ಒಂದೇ ರಾತ್ರಿ 5 ರೂ. ಇಳಿದರೆ 60,000 ರೂ. ಕಳೆದುಕೊಳ್ಳುತ್ತಾರೆ. ಇಳಿಕೆಯ ಸುಳಿವಿದ್ದಾಗ ದಾಸ್ತಾನು ಕಡಿಮೆ ಇಡಬೇಕು, ಆದರೆ ಬಂಕ್ ಬರಿದಾಗುವಷ್ಟಲ್ಲ.

ಹೊಗೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಇಷ್ಟು ಹೇಗೆ ಎಂದರೆ, ಅದರಲ್ಲಿನ ಇಂಗಾಲ ಗಾಳಿಯ ಆಮ್ಲಜನಕದೊಂದಿಗೆ ಕೂಡಿಕೊಳ್ಳುತ್ತದೆ. ಅಗ್ಗವಾಯಿತೆಂದು ವಾರಕ್ಕೆ 100 ಕಿ.ಮೀ. ಹೆಚ್ಚು ಓಡುವ, 15 ಕಿ.ಮೀ. ಮೈಲೇಜಿನ ಕಾರು ವಾರಕ್ಕೆ 15 ಕೆ.ಜಿ. ಹೆಚ್ಚುವರಿ ಉಗುಳುತ್ತದೆ. ಅದಕ್ಕಿಂತ ಕೆಟ್ಟದ್ದು ಅಗ್ಗದ ದಿನಗಳಲ್ಲಿ ದೊಡ್ಡ ಕಾರು ಕೊಳ್ಳುವುದು; ಬೆಲೆ ಮತ್ತೆ ಏರಿದರೂ ಆ ಕಾರು ವರ್ಷಗಟ್ಟಲೆ ರಸ್ತೆಯಲ್ಲೇ ಇರುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಯೋಚನೆಯನ್ನು ಇಳಿಕೆಯ ಸುದ್ದಿ ಕೇಳಿ ಕೈಬಿಡುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಪೆಟ್ರೋಲ್ 103 ರೂ. ಇದ್ದಾಗ 45 ಕಿ.ಮೀ. ಮೈಲೇಜಿನ ಸ್ಕೂಟರಿಗೆ ಕಿ.ಮೀ.ಗೆ 2.29 ರೂ. ಖರ್ಚು, ವಿದ್ಯುತ್ತಿನಲ್ಲಿ 25 ಪೈಸೆ ಎಂದು ಹಿಡಿಯಿರಿ. ಎಲೆಕ್ಟ್ರಿಕ್ ಸ್ಕೂಟರಿಗೆ 30,000 ರೂ. ಹೆಚ್ಚು ಕೊಟ್ಟಿದ್ದರೆ, ತಿಂಗಳಿಗೆ 780 ಕಿ.ಮೀ. ಓಡಿಸುವವರಿಗೆ ಅದು 19 ತಿಂಗಳಲ್ಲಿ ಮರಳುತ್ತದೆ. ಪೆಟ್ರೋಲ್ 10 ರೂ. ಇಳಿದು 93 ಆದರೂ ಸುಮಾರು 21 ತಿಂಗಳು ಸಾಕು.