ಪೊರೆ ತೆಗೆಸಿದ ಮೇಲೆ ನಾನು ನೋಡುವುದನ್ನು ಕಲಿತೆ

ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಹಿತ್ತಲಿನ ಶಂಖಪುಷ್ಪ ಕಂಡಿತು. ಅಷ್ಟು ನೀಲಿ! ಪೊರೆ ಬಂದಾಗ ಕಣ್ಣಿನ ಮಸೂರ ಹಳದಿಗಟ್ಟಿ, ನೀಲಿ ಬೆಳಕನ್ನು ತಡೆಯುತ್ತದೆ. ಎಷ್ಟೋ ದಿನ ಆ ಹೂವನ್ನು ಮಬ್ಬು ಅಂದುಕೊಂಡೇ ದೇವರಿಗೆ ಏರಿಸಿದ್ದೆ. ಅವತ್ತು ಕೈ ತಾನಾಗಿಯೇ ಮುಗಿಯಿತು.

ಹೀಗೆ ಗಮನವಿಟ್ಟು ನೋಡುವುದನ್ನು ನೀವು ಬೆಳಿಗ್ಗೆಯಿಂದಲೇ ಶುರು ಮಾಡಿ. ಎದ್ದ ಕೂಡಲೇ ಮೊಬೈಲ್ ಬೇಡ. ನಮ್ಮಜ್ಜಿ ‘ಕರಾಗ್ರೇ ವಸತೇ ಲಕ್ಷ್ಮೀ’ ಅಂತ ಅಂಗೈ ನೋಡಿಕೊಳ್ಳುತ್ತಿದ್ದರು. ನೀವೂ ನೋಡಿ, ಸುಮ್ನೆ ಕಣ್ಣಾಡಿಸಬೇಡಿ. ಗೆರೆ, ಹಳೆ ಗಾಯದ ಕಲೆ, ಉಗುರಲ್ಲಿ ಉಳಿದ ಅರಿಶಿನ.

ಆಮೇಲೆ ಒಂದೇ ಒಂದು ವಸ್ತುವಿನ ಜೊತೆ ಐದು ನಿಮಿಷ ಕೂತುಕೊಳ್ಳಿ. ನನಗೆ ಕೆಸುವಿನ ಎಲೆ ಇಷ್ಟ. ನೀರು ಅದಕ್ಕೆ ಅಂಟುವುದಿಲ್ಲ, ಗುಂಡಾಗಿ ಉರುಳುತ್ತದೆ. ಎಲೆ ತುದಿಯಲ್ಲಿ ತೂಗುವ ಹನಿಯೊಳಗೆ ಇಣುಕಿದರೆ ಆಚೆಗಿನ ಗಿಡ ತಲೆಕೆಳಗಾಗಿ ಕಾಣುತ್ತದೆ. ಇದನ್ನೆಲ್ಲ ಯಾರು ಜೋಡಿಸಿಟ್ಟರು? ದೇವರ ಮನೆಗಿಂತ ಜಾಸ್ತಿ ಭಕ್ತಿ ನನಗೆ ಅಲ್ಲಿ ಬರುತ್ತದೆ. ಬರೀ ‘ಹಸಿರು’ ಅಂತ ಹೇಳಿ ಮುಗಿಸಬೇಡಿ. ಮಾವಿನ ಚಿಗುರು ತಾಮ್ರದ ಬಣ್ಣ, ಅಲ್ವಾ?

ಕಂಪ್ಯೂಟರ್ ಮುಂದೆ ಕೆಲಸವಿದ್ದರೆ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ.

ಇನ್ನೊಂದು ಕೆಲಸ, ನೇತ್ರದಾನಕ್ಕೆ ಹೆಸರು ಬರೆಸಿ. 2006ರಲ್ಲಿ ತೀರಿಕೊಂಡ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ್ದರು. ಕನ್ನಡಕದವರೂ, ಪೊರೆ ತೆಗೆಸಿದವರೂ ಕೊಡಬಹುದು. ತೀರಿಕೊಂಡ 6 ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಬೇಕು. ಇದನ್ನು ಮನೆಯವರಿಗೆ ಹೇಳಿಡಿ. ನಾನು ಮಗಳಿಗೆ ಹೇಳಿದ್ದೇನೆ.