ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್‌ಗೆ ಸ್ಪೀಕರ್ ಕಾವಲು

ನಾನೇ ಕಟ್ಟಿದ ಆಂಪ್ಲಿಫೈಯರ್ ಒಂದು ಸಂಜೆ ‘ಥಪ್’ ಎಂದು ಸದ್ದು ಮಾಡಿ ಮೌನವಾಯಿತು. ಹತ್ತಿರ ಹೋಗಿ ನೋಡಿದಾಗ ಬಾಸ್ ನುಡಿಸುವ ಹತ್ತು ಇಂಚಿನ ವೂಫರ್‌ನ ಕೋನ್ ಮುಂದಕ್ಕೆ ತಳ್ಳಿಕೊಂಡು ಹಾಗೆಯೇ ನಿಂತಿತ್ತು. ಮಧ್ಯದ ಉಬ್ಬಿನ ಸುತ್ತಿನಿಂದ ಸುಟ್ಟ ವಾರ್ನಿಷ್‌ನ ವಾಸನೆ ಬರುತ್ತಿತ್ತು. ಫ್ಯೂಸ್‌ಗೆ ಮಾತ್ರ ಏನೂ ಆಗಿರಲಿಲ್ಲ.

ಕಾರಣ ಸರಳವಾದದ್ದು. ಪ್ಲಸ್ 35 ಮತ್ತು ಮೈನಸ್ 35 ವೋಲ್ಟ್‌ನಲ್ಲಿ ಓಡುವ ಆಂಪ್ಲಿಫೈಯರ್‌ನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟರೆ ಅದು ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಆಗ ಒಂದು ಬದಿಯ ಪೂರ್ತಿ 35 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ನೇರವಾಗಿ ಸ್ಪೀಕರ್‌ಗೆ ಹೋಗುತ್ತದೆ. 8 ಓಮ್ ಎಂದು ಬರೆದಿರುವ ಸ್ಪೀಕರ್‌ನ ವಾಯ್ಸ್ ಕಾಯಿಲ್, ಎಂದರೆ ಕೋನನ್ನು ತಳ್ಳುವ ತಂತಿಸುರುಳಿ, ಡಿಸಿಗೆ ಸುಮಾರು 6 ಓಮ್ ಮಾತ್ರ. ಹಾಗಾಗಿ 6 ಆಂಪಿಯರ್‌ಗೆ ಹತ್ತಿರದ ಕರೆಂಟ್ ಹರಿದು, 200 ವಾಟ್‌ನಷ್ಟು ಬರಿಯ ಶಾಖವಾಗುತ್ತದೆ. ಕೋನ್ ಅಲುಗಾಡದೆ ನಿಂತಿರುವುದರಿಂದ ಕಾಯಿಲ್‌ಗೆ ಗಾಳಿಯೂ ಆಡುವುದಿಲ್ಲ. 5 ಆಂಪಿಯರ್ ಫ್ಯೂಸ್ 6 ಆಂಪಿಯರ್‌ನಲ್ಲಿ ಬಹಳ ಹೊತ್ತು ತಾಳಿಕೊಳ್ಳಬಲ್ಲದು, ಕಾಯಿಲ್ ತಾಳುವುದಿಲ್ಲ.

ಆದ್ದರಿಂದ ಔಟ್‌ಪುಟ್‌ನಲ್ಲಿ ಡಿಸಿ ಕಂಡೊಡನೆ ಸ್ಪೀಕರನ್ನು ಬೇರ್ಪಡಿಸುವ ರಿಲೇ (ಕರೆಂಟ್ ಕೊಟ್ಟಾಗ ತಾನೇ ಹೊರಳುವ ಸ್ವಿಚ್) ಬೇಕು. ಅದೇ ರಿಲೇ ಸ್ವಿಚ್ ಹಾಕಿದ ಮೂರು ಸೆಕೆಂಡ್ ನಂತರ ಸ್ಪೀಕರನ್ನು ಜೋಡಿಸುವಂತೆ ಮಾಡಿದರೆ ಆನ್ ಮಾಡುವಾಗಿನ ‘ಧಡ್’ ಶಬ್ದವೂ ಇಲ್ಲವಾಗುತ್ತದೆ. ಈ ಕೆಲಸಕ್ಕೆಂದೇ ಯುಪಿಸಿ1237 ಎಂಬ ಎಂಟು ಕಾಲಿನ ಐಸಿ ಇದೆ, ಅದನ್ನು ಕೂರಿಸಿದ ಸಿದ್ಧ ಬೋರ್ಡ್‌ಗಳೂ ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಆದರೂ ಬಿಡಿ ಟ್ರಾನ್ಸಿಸ್ಟರ್‌ಗಳಿಂದ ಒಮ್ಮೆ ಕಟ್ಟಿ ನೋಡಿದರೆ ಒಳಗೆ ಏನು ನಡೆಯುತ್ತದೆಂಬುದು ಕೈಗೇ ತಿಳಿಯುತ್ತದೆ. ಕೆಳಗಿನ ಲೆಕ್ಕವೆಲ್ಲ 25-0-25 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್‌ನ ಆಂಪ್ಲಿಫೈಯರ್‌ಗೆ ಹೊಂದುವಂಥದ್ದು.

ಮೊದಲು ಡಿಸಿ ಪತ್ತೆ ಮಾಡುವ ಭಾಗವನ್ನು ಕಟ್ಟಿರಿ. ಆಂಪ್ಲಿಫೈಯರ್ ಔಟ್‌ಪುಟ್‌ನಿಂದ, ಎಂದರೆ ರಿಲೇಗಿಂತ ಮುಂಚಿನ ಬಿಂದುವಿನಿಂದ, 22 ಕಿಲೋ ಓಮ್ ರೆಸಿಸ್ಟರ್ ಒಂದನ್ನು ತಂದು, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳನ್ನು ಮೈನಸ್‌ಗೆ ಮೈನಸ್ ಸೇರಿಸಿ ಸರಣಿಯಲ್ಲಿ ಹಾಕಬೇಕು. ಇದರಿಂದ ಧ್ರುವಭೇದವಿಲ್ಲದ 50 ಮೈಕ್ರೋಫ್ಯಾರಡ್ ಸಿಕ್ಕಂತಾಯಿತು. 20 ಹರ್ಟ್ಜ್‌ನ ಬಾಸ್ 25 ವೋಲ್ಟ್‌ವರೆಗೆ ಏರಿದರೂ ಈ ಬಿಂದುವಿನಲ್ಲಿ 0.2 ವೋಲ್ಟ್ ಕೂಡ ಉಳಿಯುವುದಿಲ್ಲ, ಆದರೆ 35 ವೋಲ್ಟ್ ಡಿಸಿ ಬಂದರೆ ಸುಮಾರು 20 ಮಿಲಿಸೆಕೆಂಡ್‌ನಲ್ಲಿ 0.6 ವೋಲ್ಟ್ ತಲುಪುತ್ತದೆ. ಸಂಗೀತಕ್ಕೂ ದೋಷಕ್ಕೂ ಇರುವ ವ್ಯತ್ಯಾಸವನ್ನು ಈ ಮೂರು ಬಿಡಿಭಾಗಗಳೇ ಗುರುತಿಸುತ್ತವೆ.

ಆ ಬಿಂದುವಿಗೆ ಎರಡು ಬಿಸಿ547 ಟ್ರಾನ್ಸಿಸ್ಟರ್‌ಗಳು ಬರುತ್ತವೆ. ಮೊದಲನೆಯದರ ಬೇಸ್ ಬಿಂದುವಿಗೆ, ಎಮಿಟರ್ ಗ್ರೌಂಡ್‌ಗೆ. ಅದು ಪ್ಲಸ್ ಡಿಸಿಗೆ ಎಚ್ಚರಗೊಳ್ಳುತ್ತದೆ. ಎರಡನೆಯದರ ಎಮಿಟರ್ ಬಿಂದುವಿಗೆ, ಬೇಸ್ ಗ್ರೌಂಡ್‌ಗೆ, ಅದು ಮೈನಸ್‌ಗೆ. ತಿರುವುಮುರುವಾಗಿ ಕಾಣುವ ಈ ಎರಡನೆಯ ಜೋಡಣೆಯನ್ನು ನೋಡಿ ತಪ್ಪೆಂದು ಸರಿಪಡಿಸಲು ಹೋಗಬೇಡಿ. ಇಂಥದ್ದೇ ಇನ್ನೊಂದು ಜೋಡಿ ಎರಡನೆಯ ಚಾನೆಲ್‌ಗೆ ಬೇಕು. ಒಂದೇ ಪತ್ತೆದಾರನಿಗೆ ಎರಡೂ ಚಾನೆಲ್ ಸೇರಿಸಿ ಉಳಿಸುವ ಹಣ ಒಂದು ಕಾಫಿಗೂ ಸಾಲದು. ಬಿಸಿ547ರ ಚಪ್ಪಟೆ ಮುಖ ನಿಮ್ಮತ್ತ ಇದ್ದು ಕಾಲುಗಳು ಕೆಳಗಿದ್ದರೆ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ನಾಲ್ಕೂ ಕಲೆಕ್ಟರ್‌ಗಳನ್ನು ಒಂದುಗೂಡಿಸಿ 100 ಓಮ್ ರೆಸಿಸ್ಟರ್ ಮೂಲಕ, ರಿಲೇಯನ್ನು ಹಾಕಿ ಆರಿಸುವ ಐಆರ್‌ಎಫ್540 ಮಾಸ್‌ಫೆಟ್‌ನ ಗೇಟ್‌ಗೆ ಕೊಡಿ. ಸೋರ್ಸ್ ಗ್ರೌಂಡ್‌ಗೆ ಹೋಗುತ್ತದೆ.

ಈಗ ರಿಲೇಯ ಸರಬರಾಜು. ಇದನ್ನು ಆಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳಿಂದ ತೆಗೆಯಬಾರದು. ಟ್ರಾನ್ಸ್‌ಫಾರ್ಮರ್‌ನ ಒಂದು 25 ವೋಲ್ಟ್ ತುದಿಯಿಂದ 1ಎನ್4007 ಡಯೋಡ್ ಒಂದನ್ನು ತಂದು, 220 ಮೈಕ್ರೋಫ್ಯಾರಡ್, 63 ವೋಲ್ಟ್‌ನ ಪುಟ್ಟ ಕೆಪಾಸಿಟರ್ ಹಾಕಿ, ಅದಕ್ಕೆ ಅಡ್ಡವಾಗಿ 10 ಕಿಲೋ ಓಮ್ ಕೊಡಿ. ಸ್ವಿಚ್ ತೆಗೆದಾಗ ದೊಡ್ಡ ಕೆಪಾಸಿಟರ್‌ಗಳು ಕೆಲವು ಸೆಕೆಂಡ್ ಉಸಿರು ಹಿಡಿದಿರುತ್ತವೆ, ಈ ಪುಟ್ಟದು ಅರ್ಧ ಸೆಕೆಂಡಿನೊಳಗೆ ಬರಿದಾಗಿ ರಿಲೇಯನ್ನು ಬಿಡಿಸುತ್ತದೆ. ಆರಿಸುವಾಗಿನ ಗೊರಗೊರ ಸದ್ದು ಸ್ಪೀಕರ್‌ಗೆ ತಲುಪುವುದೇ ಇಲ್ಲ. ಈ ಸರಬರಾಜಿನಿಂದ ಗೇಟ್‌ಗೆ 1 ಮೆಗಾ ಓಮ್, ಗೇಟ್‌ನಿಂದ ಗ್ರೌಂಡ್‌ಗೆ 33 ಮೈಕ್ರೋಫ್ಯಾರಡ್ ಮತ್ತು 6.8 ವೋಲ್ಟ್ ಜೀನರ್ (ವೋಲ್ಟೇಜನ್ನು ಅಷ್ಟಕ್ಕೇ ತಡೆಯುವ ಡಯೋಡ್) ಹಾಕಿದರೆ ಮೂರು ಸೆಕೆಂಡಿನ ಆಸುಪಾಸಿನ ವಿಳಂಬ ಸಿಗುತ್ತದೆ. ಮಾಸ್‌ಫೆಟ್‌ನಿಂದ ಮಾಸ್‌ಫೆಟ್‌ಗೆ ಇದು ಒಂದು ಸೆಕೆಂಡ್ ಆಚೀಚೆ ಆಗಬಹುದು, ಚಿಂತೆಯಿಲ್ಲ. ಗೇಟ್‌ನಿಂದ ಸರಬರಾಜಿನತ್ತ ಮುಖ ಮಾಡಿದ ಒಂದು 1ಎನ್4148 ಡಯೋಡ್ ಇದ್ದರೆ, ಆರಿಸಿ ತಕ್ಷಣ ಹಾಕಿದರೂ ವಿಳಂಬ ತಪ್ಪುವುದಿಲ್ಲ.

12 ವೋಲ್ಟ್, 400 ಓಮ್ ಕಾಯಿಲ್‌ನ ರಿಲೇ ಸುಲಭವಾಗಿ ಸಿಗುತ್ತದೆ. ಚಾನೆಲಿಗೆ ಒಂದರಂತೆ ಅಂಥ ಎರಡರ ಕಾಯಿಲ್‌ಗಳನ್ನು ಸರಣಿಯಲ್ಲಿಟ್ಟು, 330 ಓಮ್, 1 ವಾಟ್ ರೆಸಿಸ್ಟರ್ ಮೂಲಕ ಸರಬರಾಜಿನಿಂದ ಮಾಸ್‌ಫೆಟ್‌ನ ಡ್ರೇನ್‌ಗೆ ಜೋಡಿಸಿರಿ. ಕಾಯಿಲ್‌ಗಳಿಗೆ ಅಡ್ಡವಾಗಿ ಹಿಮ್ಮುಖದ 1ಎನ್4007 ಇರಲೇಬೇಕು.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳವಿರುವುದು ರಿಲೇಯ ಮೂರು ಸಂಪರ್ಕಗಳಲ್ಲಿ, ಹೆಚ್ಚಿನವರು ಎಡವುವುದೂ ಇಲ್ಲೇ. ಡಿಸಿ ಕರೆಂಟ್ ಕಡಿಯುವಾಗ ಸಂಪರ್ಕಗಳ ನಡುವೆ ನೀಲಿ ಕಿಡಿ ಏಳುತ್ತದೆ. ಎಸಿಯಂತೆ ಅದು ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ ಕಿಡಿ ಸೇತುವೆಯಾಗಿ ನಿಂತುಬಿಡಬಹುದು, ರಿಲೇ ‘ಟಕ್’ ಎಂದಮೇಲೂ ಸ್ಪೀಕರ್ ಬೇಯುತ್ತಲೇ ಇರಬಹುದು. ರಿಲೇಯ ಮೈಮೇಲೆ ‘10 ಆಂಪಿಯರ್, 30 ವೋಲ್ಟ್ ಡಿಸಿ’ ಎಂದು ಬರೆದಿದ್ದರೆ ನಮ್ಮ 35 ವೋಲ್ಟ್ ಆಗಲೇ ಆ ಗಡಿ ದಾಟಿದೆ. ಅದಕ್ಕಾಗಿ ಸ್ಪೀಕರನ್ನು ನಡುವಿನ ಚಲಿಸುವ ಸಂಪರ್ಕಕ್ಕೆ, ಆಂಪ್ಲಿಫೈಯರನ್ನು ಸಾಮಾನ್ಯವಾಗಿ ತೆರೆದಿರುವ ಸಂಪರ್ಕಕ್ಕೆ ಕೊಟ್ಟು, ಸಾಮಾನ್ಯವಾಗಿ ಮುಚ್ಚಿರುವ ಮೂರನೆಯದನ್ನು ದಪ್ಪ ತಂತಿಯಿಂದ ಗ್ರೌಂಡ್‌ಗೆ ಸೇರಿಸಬೇಕು. ಆಗ ಕಿಡಿ ಉಳಿದರೂ ಕರೆಂಟ್ ಸ್ಪೀಕರನ್ನು ಬಿಟ್ಟು ಗ್ರೌಂಡ್‌ಗೆ ಧುಮುಕುತ್ತದೆ, ಫ್ಯೂಸ್ ಕೂಡಲೇ ಹಾರುತ್ತದೆ. ರಿಲೇ ಹಾಳಾಗಬಹುದು, ಹೊಸದು ಅಗ್ಗ. ಸಿದ್ಧ ಬೋರ್ಡ್ ಕೊಂಡವರು ಅದನ್ನು ಮಗುಚಿ ನೋಡಲಿ: ಮೂರನೆಯ ಕಾಲು ಎಲ್ಲಿಗೂ ಹೋಗದೆ ಖಾಲಿ ಬಿಟ್ಟಿರುವ ಬೋರ್ಡ್‌ಗಳು ನನ್ನ ಕೈಗೇ ಬಂದಿವೆ.

ಸ್ಪೀಕರ್ ಕೂಡಿಸುವ ಮೊದಲು ಪರೀಕ್ಷೆ ಆಗಬೇಕು. ಆಂಪ್ಲಿಫೈಯರ್‌ನಿಂದ 22 ಕಿಲೋ ಓಮ್ ತುದಿಗಳನ್ನು ಬಿಡಿಸಿ, ಸೀರೀಸ್ ಲ್ಯಾಂಪ್ (ಮೇನ್ಸ್ ತಂತಿಯಲ್ಲಿ ಸರಣಿಯಾಗಿ ಸೇರಿಸಿದ ಬಲ್ಬ್) ಮೂಲಕ ಕರೆಂಟ್ ಕೊಡಿ. ಮೂರು ಸೆಕೆಂಡಿಗೆ ರಿಲೇಗಳು ಟಕ್ ಎನ್ನಬೇಕು. 9 ವೋಲ್ಟ್ ಬ್ಯಾಟರಿಯ ಮೈನಸ್ಸನ್ನು ಗ್ರೌಂಡ್‌ಗೆ ಹಿಡಿದು ಪ್ಲಸ್ಸನ್ನು ಒಂದೊಂದೇ ತುದಿಗೆ ಮುಟ್ಟಿಸಿರಿ, ರಿಲೇ ಬಿಡಬೇಕು. ಬ್ಯಾಟರಿಯನ್ನು ತಿರುಗಿಸಿಯೂ ನೋಡಿ. ಮೈನಸ್ ಬದಿಯಲ್ಲಿ ಅರ್ಧ ಸೆಕೆಂಡ್ ತಡವಾದರೆ ಅದು ದೋಷವಲ್ಲ, ನಿಜವಾದ 35 ವೋಲ್ಟ್ ಬಂದಾಗ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ನಂತರ ತುದಿಗಳನ್ನು ಸೇರಿಸಿ, ಬಾಸ್ ಹೆಚ್ಚಿರುವ ಹಾಡೊಂದನ್ನು ದೊಡ್ಡದಾಗಿ ಹಾಕಿ, ರಿಲೇ ಸುಮ್ಮನಿರುತ್ತದೆಯೇ ನೋಡಿ.

ಬ್ರಿಡ್ಜ್ ಮಾದರಿಯ ಔಟ್‌ಪುಟ್ ಇರುವ ಬೋರ್ಡ್‌ಗಳಿಗೆ, ಅಂದರೆ ಕಾರಿನ ಸ್ಟೀರಿಯೊ ಮತ್ತು ಹಲವು ಕ್ಲಾಸ್-ಡಿ ಬೋರ್ಡ್‌ಗಳಿಗೆ, ಇದನ್ನು ಜೋಡಿಸಬೇಡಿ. ಅಲ್ಲಿ ಸ್ಪೀಕರ್‌ನ ಎರಡೂ ತಂತಿಗಳು ಸರಬರಾಜಿನ ಅರ್ಧ ವೋಲ್ಟೇಜ್‌ನಲ್ಲೇ ಇರುವುದರಿಂದ ರಿಲೇ ಎಂದೂ ಕೂಡಿಕೊಳ್ಳುವುದಿಲ್ಲ. ಒಂದು ತಂತಿಯನ್ನು ಗ್ರೌಂಡ್ ಮಾಡಿದರಂತೂ ಆಂಪ್ಲಿಫೈಯರೇ ಹೋಗುತ್ತದೆ.

ಮುಂದೆ ಎಂದಾದರೂ ಸ್ವಿಚ್ ಹಾಕಿದಾಗ ಆ ಟಕ್ ಸದ್ದು ಕೇಳಿಸದಿದ್ದರೆ ರಿಲೇಯನ್ನು ತಂತಿಯಿಂದ ದಾಟಿಸಿ ನೋಡುವ ಆತುರ ಬೇಡ. ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ರಿಲೇಗೆ ಮುಂಚಿನ ಔಟ್‌ಪುಟ್ ಅಳೆಯಿರಿ. 50 ಮಿಲಿವೋಲ್ಟ್‌ನೊಳಗಿದ್ದರೆ ದೋಷ ಕಾವಲಿನ ಬೋರ್ಡ್‌ನಲ್ಲಿದೆ. ವೋಲ್ಟ್‌ಗಳಲ್ಲಿ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಬಿಚ್ಚಿ.